ಅಓರಿತಾ ಬರುತ್ತಾನಂತೆ

ಸ್ಪ್ಯಾನಿಷ್ ಕಲಿಸುವ ಪುಸ್ತಕಗಳು ‘ಅಓರಾ’ ಎಂದರೆ ‘ಈಗ’ ಎಂದು ಒಂದೇ ಸಾಲಿನಲ್ಲಿ ಕೈ ತೊಳೆದುಕೊಳ್ಳುತ್ತವೆ. ಲ್ಯಾಟಿನ್ನಿನ ‘ಹಾಕ್ ಹೋರಾ’, ಅಂದರೆ ‘ಈ ಗಳಿಗೆಯಲ್ಲಿ’ ಎಂಬುದರಿಂದ ಬಂದ ಕುಲೀನ ಪದ ಅದು. ಮೆಕ್ಸಿಕೊದವರು ಅದಕ್ಕೆ ‘ಇತಾ’ ಎಂಬ ಬಾಲ ಸೇರಿಸಿ ‘ಅಓರಿತಾ’ ಮಾಡಿಕೊಂಡಿದ್ದಾರೆ. ಇತೊ, ಇತಾ ಎಂಬ ಪ್ರತ್ಯಯ ಪುಟ್ಟದ್ದನ್ನೂ ಮುದ್ದಿನದನ್ನೂ ಸೂಚಿಸುತ್ತದೆ: ಕಾಫೆ ಮುದ್ದಾದರೆ ಕಾಫೆಸಿತೊ. ಈ ಲೆಕ್ಕದಲ್ಲಿ ಅಓರಿತಾ ಎಂದರೆ ‘ಪುಟಾಣಿ ಈಗ’. ಈಗಕ್ಕಿಂತ ಇನ್ನೂ ಬೇಗ ಎಂದೇ ಯಾರಾದರೂ ತಿಳಿಯಬೇಕಲ್ಲವೇ?

ನಾನಿರುವ ಮೆಕ್ಸಿಕೊದ ನಗರ ಗ್ವಾದಲಹಾರಾ ಸಮುದ್ರಮಟ್ಟದಿಂದ 1,500 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಜನವರಿಯ ಮುಂಜಾವಿನ ನಲ್ಲಿ ನೀರಿಗೆ ದಯೆ ದಾಕ್ಷಿಣ್ಯ ಇರುವುದಿಲ್ಲ. ಅಂಥದೊಂದು ಮುಂಜಾವಿನಲ್ಲಿ, ನನ್ನ ತಲೆಯ ತುಂಬ ಶಾಂಪೂ ಇರುವಾಗ, ನೀರು ಕಾಯಿಸುವ ಗ್ಯಾಸ್ ಮುಗಿಯಿತು. ಬಾಗಿಲ ಸಂದಿಯಿಂದಲೇ ಮನೆಯೊಡತಿಯನ್ನು ಕೂಗಿದೆ. ಆಕೆ ಗ್ಯಾಸಿನವನಿಗೆ ಫೋನ್ ಮಾಡಿ, ‘ಅಓರಿತಾ ಬರುತ್ತಾನಂತೆ’ ಎಂದರು. ಶಾಂಪೂ ಒಣಗಿ ಕೂದಲು ಮುಳ್ಳಾಯಿತು. ಮಧ್ಯಾಹ್ನವಾಯಿತು. ಬೆಂಗಳೂರಿನ ಗಡಿಯಾರ ಇಲ್ಲಿಗಿಂತ ಹನ್ನೊಂದೂವರೆ ಗಂಟೆ ಮುಂದಿದೆ. ಅಲ್ಲಿ ಮರುದಿನ ಹುಟ್ಟಿದ ಮೇಲೂ ಇಲ್ಲಿ ಗ್ಯಾಸಿನವನ ‘ಈಗ’ ಹುಟ್ಟಲಿಲ್ಲ.

ಸಿಟ್ಟಿನಲ್ಲಿ ಆ ಪದದ ಬೆನ್ನು ಹತ್ತಿದೆ. ಬೀದಿ ಕೊನೆಯ ಬೀಗ ರಿಪೇರಿ ಅಂಗಡಿಯ ಹುಡುಗ ಒಳ್ಳೆಯ ಪಾಠ ಹೇಳಿದ. ಯಜಮಾನರೆಲ್ಲಿ ಎಂದು ಕೇಳಿದ್ದಕ್ಕೆ, ‘ಅಓರಿತಾ ಸಾಲಿಯೊ, ಅಓರಿತಾ ವಿಯೆನೆ’ ಎಂದ. ಮೊದಲನೆಯದು ‘ಇದೀಗ ತಾನೇ ಹೊರಗೆ ಹೋದರು’, ಎರಡನೆಯದು ‘ಇನ್ನೇನು ಬರುತ್ತಾರೆ’. ಒಂದೇ ಪದ ಭೂತಕ್ಕೂ ಭವಿಷ್ಯಕ್ಕೂ ದುಡಿದು, ವರ್ತಮಾನಕ್ಕೆ ಮಾತ್ರ ರಜೆ ಹಾಕಿತ್ತು. ಯಜಮಾನರೂ ಅಷ್ಟೇ. ಇನ್ನು ಹಣ್ಣು ಮಾರುವವನಿಗೆ ‘ಅಓರಿತಾ ನೊ, ಗ್ರಾಸಿಯಾಸ್’ ಎಂದರೆ, ‘ಈಗ ಬೇಡ’ ಎಂಬ ಸೌಜನ್ಯದ ಹೊದಿಕೆಯೊಳಗೆ ‘ಎಂದೂ ಬೇಡ’. ಅವನಿಗೂ ಅದು ಗೊತ್ತು, ನಗುತ್ತಾ ಮುಂದೆ ಹೋಗುತ್ತಾನೆ. ನಿಜವಾಗಿಯೂ ಈ ಕ್ಷಣವೇ ಆಗಬೇಕಿದ್ದರೆ ‘ಅಓರಿತಾ ಮಿಸ್ಮೊ’ ಎಂದು ಒತ್ತಬೇಕು. ಅದೇ ಪದ ಕೆರಿಬಿಯನ್ ಕಡೆ, ಡೊಮಿನಿಕನ್ ಗಣರಾಜ್ಯದಲ್ಲಿಯೋ ಪೋರ್ಟೊ ರಿಕೊದಲ್ಲಿಯೋ, ‘ಆಮೇಲೆ’ ಎಂಬ ಅರ್ಥದಲ್ಲಿ ಸಾಮಾನ್ಯ. ಕನಿಷ್ಠ ಅವರು ಅದನ್ನು ಮುಚ್ಚಿಡುವುದಿಲ್ಲ.

ಈ ಬಾಲದ ಚಟಕ್ಕೆ ಇಲ್ಲಿನ ಮೂಲಭಾಷೆ ನಾವಾಟ್ಲ್‌ನ ‘ತ್ಸಿನ್’ ಪ್ರತ್ಯಯದ ಪ್ರಭಾವವಿದೆ ಎನ್ನುವವರಿದ್ದಾರೆ. ಪ್ರೀತಿಯನ್ನೂ ಗೌರವವನ್ನೂ ಒಟ್ಟಿಗೆ ಹೊರುವ ಪ್ರತ್ಯಯ ಅದು. ಒಪ್ಪದವರೂ ಇದ್ದಾರೆ. ಗೌರವ ಕೊಟ್ಟು ಕಾಯಿಸುತ್ತಾರೆ ಎಂಬುದಕ್ಕಂತೂ ನಾನೇ ಸಾಕ್ಷಿ.

ಊರಿಗೆ ಫೋನ್ ಮಾಡಿ ತಮ್ಮನ ಹತ್ತಿರ ಗೋಳು ತೋಡಿಕೊಳ್ಳಲು ಹೊರಟರೆ ಅವನು, ‘ಒಂದ್ನಿಮಿಷ, ಬಂದೆ’ ಎಂದು ಫೋನ್ ಇಟ್ಟು ಮಾಯವಾದ. ಬರದೇ ಇರುವಾಗಲೇ ‘ಬಂದೆ’! ಸೋಫಾದಿಂದ ಏಳದೆಯೇ ‘ಹೊರಟೆ’! ಭವಿಷ್ಯವನ್ನು ಭೂತಕಾಲದಲ್ಲಿ ಹೇಳಿ ಮುಗಿಸುವ ನಮ್ಮ ಮುಂದೆ ಮೆಕ್ಸಿಕೊದವರು ಎಷ್ಟರವರು? ಅವರು ಕೆಲಸವನ್ನು ಮುಂದೂಡುತ್ತಾರೆ, ನಾವು ಆಗಿಹೋಯಿತು ಎಂದೇ ಸಾರುತ್ತೇವೆ.

ಅವರದೇ ಇನ್ನೊಂದು ಮೋಜು ‘ಲುಎಗೊ’. ಅದರರ್ಥ ‘ಆಮೇಲೆ’. ಎರಡು ಸಲ ಹೇಳಿದರೆ ಇನ್ನೂ ತಡವಾಗಬೇಕು ತಾನೇ? ಇಲ್ಲ, ಮೆಕ್ಸಿಕೊದಲ್ಲಿ ‘ಲುಎಗೊ ಲುಎಗೊ’ ಎಂದರೆ ‘ತಕ್ಷಣ’. ನಗಲು ಹೋಗಿ ನಮ್ಮ ‘ಈಗೀಗ’ ನೆನಪಾಯಿತು. ಅದೂ ಎರಡು ಸಲದ ‘ಈಗ’ವೇ, ಆದರೆ ಈಗಿನದಲ್ಲ, ಇತ್ತೀಚಿನದು. ನಗು ಅರ್ಧಕ್ಕೇ ನಿಂತಿತು.

ಗ್ಯಾಸು ಮರುದಿನ ಬಂತು. ಇಷ್ಟೆಲ್ಲ ವ್ಯಾಕರಣ ಕಲಿತ ಹುಮ್ಮಸ್ಸಿನಲ್ಲಿ, ತಿಂಗಳ ಮೊದಲ ದಿನ ಬಾಡಿಗೆ ಕೇಳಲು ಬಂದ ಮನೆಯೊಡತಿಗೆ ಅತ್ಯಂತ ಶುದ್ಧ ಉಚ್ಚಾರದಲ್ಲಿ ‘ಅಓರಿತಾ’ ಎಂದೆ. ಆಕೆ ಬಾಗಿಲಿಗೆ ಅಂಗೈ ಊರಿ, ಅಷ್ಟೇ ಶುದ್ಧವಾಗಿ, ‘ನೊ. ಲುಎಗೊ ಲುಎಗೊ’ ಎಂದರು.