ಫ್ಯಾನಿನ ಕೆಳಗೆ ಸಿಕ್ಕ ನೃತ್ಯಶೈಲಿ

ರಾಯಚೂರಿನಲ್ಲಿ ಮೇ ತಿಂಗಳಲ್ಲಿ ಡ್ಯಾನ್ಸ್ ವರ್ಕ್‌ಶಾಪ್ ಇಟ್ಟವರು ಈ ಊರಿನವರಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಬಿಸಿಲು ನಲವತ್ತು ಡಿಗ್ರಿ ದಾಟಿರುತ್ತದೆ. ನಾಯಿ ಕೂಡ ಬಾಲ ಅಲ್ಲಾಡಿಸೋಕೆ ಬೇಜಾರು ಪಡುವ ಕಾಲ. ಆದರೂ ನಮ್ಮಾಕೆ ಇಬ್ಬರ ಹೆಸರನ್ನೂ ಬರೆಸಿದ್ದಳು.

ಬೆಂಗಳೂರಿನಿಂದ ಬಂದಿದ್ದ ಮೇಡಂ, "ಪ್ರತಿಯೊಬ್ಬರ ದೇಹಕ್ಕೂ ಅದರದ್ದೇ ಚಲನೆ ಇರುತ್ತೆ, ಅದನ್ನ ಹುಡುಕೋಣ" ಅಂದರು. 1879ರಲ್ಲಿ ಹುಟ್ಟಿದ ರುಡಾಲ್ಫ್ ಲಾಬಾನ್ ಅನ್ನೋ ನೃತ್ಯ ಪಂಡಿತರು ಮನುಷ್ಯನ ಚಲನೆಯಲ್ಲಿ ಎಂಟು ಬಗೆ ಗುರುತಿಸಿದ್ದಾರಂತೆ. ಗುದ್ದುವುದು, ಒತ್ತುವುದು, ಬೀಸುವುದು, ಹಿಂಡುವುದು, ತಟ್ಟುವುದು, ಚಿಮ್ಮುವುದು, ಜಾರುವುದು, ತೇಲುವುದು. ನಮ್ಮಾಕೆ ನನ್ನ ಕಿವಿಯಲ್ಲಿ, "ಇದೇನ್ರೀ, ನಮ್ಮ ಅಡಗಿಮನಿ ಕೆಲಸಾನ ಹೇಳಾಕತ್ತಾರ" ಅಂದಳು. ರೊಟ್ಟಿ ತಟ್ಟಿ ತಟ್ಟಿ ಪಳಗಿದ ಕೈ ಅವಳದು. ಅವಳ ಶೈಲಿ ಹುಡುಕೋಕೆ ಮೇಡಂಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

ಉಳಿದವರದ್ದು ಕಷ್ಟ. "ಮ್ಯೂಸಿಕ್ ಕೇಳ್ತಾ ಹಾಲ್ ತುಂಬಾ ಓಡಾಡಿ, ದೇಹ ಕರೆದ ಕಡೆ ಹೋಗಿ" ಅಂದರು. ದೇಹ ಕರೆಯಿತು. ಎಲ್ಲರನ್ನೂ ಒಂದೇ ಕಡೆಗೆ. ತೇಲುವವರು ತೇಲುತ್ತಾ, ಜಾರುವವರು ಜಾರುತ್ತಾ, ಅಷ್ಟೂ ಜನ ಹಾಲಿನ ಏಕೈಕ ಫ್ಯಾನಿನ ಕೆಳಗೆ ಬಂದು ನಿಂತೆವು. ಅಕ್ಕಿ ಗಿರಣಿಯ ಸಾಹುಕಾರರು ಕಣ್ಣು ಮುಚ್ಚಿ ತೇಲುತ್ತಿದ್ದರು. ಅವರ ಮೊಣಕೈ ನನ್ನ ಪಕ್ಕೆಗೆ ಬಿದ್ದಾಗ ಮಾತ್ರ ಅದು ಗುದ್ದುವ ಬಗೆಗೇ ಸೇರಿತ್ತು. ಮೇಡಂ "ಸ್ಪೇಸ್ ಬಳಸಿ, ಸ್ಪೇಸ್ ಬಳಸಿ" ಅಂತ ಕೂಗುತ್ತಿದ್ದರು. ಬಿಸಿಲು ಬೀಳುವ ಕಿಟಕಿ ಕಡೆಯ ಸ್ಪೇಸನ್ನು ಯಾರು ಬಳಸ್ತಾರೆ?

ಅಷ್ಟರಲ್ಲಿ ಕರೆಂಟ್ ಹೋಯಿತು. ಇದೇ ಜಿಲ್ಲೆಯ ಶಕ್ತಿನಗರದಲ್ಲಿ 1720 ಮೆಗಾವಾಟ್ ವಿದ್ಯುತ್ ಸ್ಥಾವರ ಇದೆ, 1985ರಿಂದ ಕಲ್ಲಿದ್ದಲು ಸುಡುತ್ತಿದೆ. ಸುಡುವ ಬಿಸಿ ನಮಗೆ, ಕರೆಂಟು ಊರಿಗೆಲ್ಲ! ಇರಲಿ. ಫ್ಯಾನು ನಿಂತಿತು, ಸ್ಪೀಕರ್ ಸತ್ತಿತು.

ಮುದಗಲ್ಲಿನಿಂದ ಬಂದಿದ್ದ ಹುಡುಗನೊಬ್ಬ ಸುಮ್ನೆ ಕೂರಲಾರದೆ ಬಕೆಟ್ ಬೋರಲು ಹಾಕಿ ಹಲಗೆಯ ಪೆಟ್ಟು ಶುರು ಮಾಡಿದ. ಮೊಹರಂ ಪೆಟ್ಟು! ಅದನ್ನ ಕೇಳಿ ಈ ಕಡೆಯ ಗಂಡಸು ನಿಂತಲ್ಲೇ ನಿಲ್ಲೋದು ಸಾಧ್ಯವೇ ಇಲ್ಲ. ಮೊಹರಂನಲ್ಲಿ ಬೆಂಕಿ ಹಾಕೋ ಗುಂಡಿ, ಅಂದರೆ ಅಲಾಯಿ ಕುಣಿಯ ಸುತ್ತ, ಹಿಂದೂ ಮುಸ್ಲಿಂ ಅನ್ನದೆ, ಚಿಕ್ಕವರಿದ್ದಾಗಿಂದ ಹಾಕಿದ ಹೆಜ್ಜೆ. ಸಾಹುಕಾರರು ಪಂಚೆ ಎತ್ತಿ ಕಟ್ಟಿದರು. ನಾನೂ ಇಳಿದೆ. ಫ್ಯಾನು ಯಾರಿಗೂ ನೆನಪಿಲ್ಲ. ಸ್ಪೇಸ್ ಪೂರ್ತಿ ಬಳಕೆಯಾಯಿತು, ಕಿಟಕಿ ಕಡೆಯದ್ದೂ ಸೇರಿ. ಮೇಡಂ ಮೂಲೆಯಲ್ಲಿ ನಿಂತು ಬರೆದುಕೊಂಡಿದ್ದೇ ಬರೆದುಕೊಂಡಿದ್ದು.

ಕೊನೆಗೆ ನನ್ನ ಸರದಿ ಬಂತು. "ಸರ್, ನಿಮ್ಮದು ಒತ್ತುವ ಶೈಲಿ. ಭಾರ ಇದೆ, ನೇರ ಇದೆ, ಅವಸರ ಇಲ್ಲ." ನನಗೆ ತೇಲುವುದು ಸಿಗಲಿ ಅಂತ ಆಸೆ ಇತ್ತು. ಹೊಟ್ಟೆ ಒಪ್ಪಬೇಕಲ್ವಾ.

ಮನೆಗೆ ಬಂದ ಮೇಲೆ ನಮ್ಮಾಕೆ ಸೆರಗು ಸಿಕ್ಕಿಸಿಕೊಂಡು ಒಳಕೋಣೆಯ ಕಬ್ಬಿಣದ ಕಪಾಟಿನ ಮುಂದೆ ನಿಂತಳು. "ಛೊಲೋ ಆತು ಬಿಡ್ರಿ. ಹಂಗಾರ ಇದನ್ನ ಆ ಗ್ವಾಡಿ ಕಡೆ ಒತ್ರಿ. ಅವಸರ ಏನಿಲ್ಲ."