ನೆಲದ ಒತ್ತಡ ದೊಡ್ಡ ಭೂಕಂಪದ ಸುಳಿವು ಕೊಡುತ್ತದೆಯೇ?

ಪರ

ಮುನಿರಾಬಾದ್‌ನಲ್ಲಿ ತುಂಗಭದ್ರಾ ಡ್ಯಾಂ ತುಂಬಿತು ಅಂದರೆ ಕೊಪ್ಪಳದಿಂದ ನಾವೆಲ್ಲ ನೋಡಲು ಓಡುತ್ತೇವೆ. ತುಂಬಿದಾಗ ಸುಮಾರು 105 ಟಿಎಂಸಿ ನೀರು. ತೂಕದಲ್ಲಿ ಹೇಳಿದರೆ 300 ಕೋಟಿ ಟನ್ ಹತ್ತಿರ. ಅಷ್ಟನ್ನೂ ಕೆಳಗಿನ ಬಂಡೆ ಹೊತ್ತಿದೆ.

ಆ ಬಂಡೆ ಒಂದೇ ತುಂಡಲ್ಲ. ಆಳದಲ್ಲಿ ಹಳೆಯ ಬಿರುಕುಗಳಿರುತ್ತವೆ. ಬಿರುಕಿನ ಎರಡು ಮೈಗಳು ಒಂದನ್ನೊಂದು ಬಿಗಿಯಾಗಿ ಒತ್ತಿ ಹಿಡಿದಿರುತ್ತವೆ. ಭೂಮಿಯೊಳಗಿನ ತಳ್ಳಾಟ ಅವನ್ನು ಜಾರಿಸಲು ನೋಡುತ್ತದೆ, ಘರ್ಷಣೆ ತಡೆಯುತ್ತದೆ. ನೀರು ಆಳಕ್ಕೆ ಇಳಿದು ಬಿರುಕಿನೊಳಗೆ ಒತ್ತಡ ಏರಿದರೆ ಹಿಡಿತ ಸಡಿಲವಾಗುತ್ತದೆ. ಮಹಾರಾಷ್ಟ್ರದ ಕೊಯ್ನಾದಲ್ಲಿ ಡ್ಯಾಂಗೆ ನೀರು ನಿಂತ ಮೇಲೆ ಸಣ್ಣ ಕಂಪನಗಳು ಶುರುವಾದವು. 1967ರ ಡಿಸೆಂಬರ್ 11ರಂದು 6ಕ್ಕಿಂತ ಜಾಸ್ತಿ ತೀವ್ರತೆಯ ಭೂಕಂಪ ಬಂತು. ಹೆದರಿಸಲು ಹೇಳುತ್ತಿಲ್ಲ. ನಮ್ಮ ಡ್ಯಾಂನಲ್ಲಿ 1953ರಿಂದ ನೀರಿದೆ, ಅಂಥದ್ದೇನೂ ಆಗಿಲ್ಲ.

ಒಂದು ಭೂಕಂಪವಾದರೆ ಒತ್ತಡ ಪೂರ್ತಿ ಕರಗುವುದಿಲ್ಲ. ಒಂದಿಷ್ಟು ಪಕ್ಕದ ಬಿರುಕಿಗೆ ದಾಟುತ್ತದೆ. 2004ರ ಸುಮಾತ್ರಾ ಭೂಕಂಪದ ನಂತರ ವಿಜ್ಞಾನಿಗಳು ಆ ಲೆಕ್ಕ ಹಾಕಿ, ಎಲ್ಲಿ ಒತ್ತಡ ಏರಿದೆ ಎಂದು 2005ರ ಮಾರ್ಚ್ 17ರಂದು ಪ್ರಕಟಿಸಿದರು. ಹನ್ನೊಂದು ದಿನಕ್ಕೆ ನಿಯಾಸ್ ದ್ವೀಪದ ಬಳಿ 8.6 ತೀವ್ರತೆಯ ಭೂಕಂಪ! ಇದನ್ನು ಸುಳಿವು ಅನ್ನದೆ ಬೇರೇನು ಅನ್ನಬೇಕು?

ವಿರೋಧ

ನಿಯಾಸ್ ಲೆಕ್ಕದಲ್ಲಿ ತಾರೀಖು ಇರಲಿಲ್ಲ. ಜನ ಯಾವ ರಾತ್ರಿ ಹೊರಗೆ ಮಲಗಬೇಕಿತ್ತು? ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲಿ 1993ರೊಳಗೆ ಭೂಕಂಪ ಬರುತ್ತದೆ ಎಂದು ಮಾಪಕ ಹಾಕಿ ಕಾದರು. ಬಂದದ್ದು 2004ರಲ್ಲಿ.

ಒಂದು ಭೂಕಂಪ ಪಕ್ಕದ ಬಿರುಕಿಗೆ ದಾಟಿಸುವ ಒತ್ತಡ ಎಷ್ಟೋ ಸಲ ಕಾರಿನ ಟೈರಿನ ಗಾಳಿಗಿಂತ ಕಡಿಮೆ. ಅದನ್ನು ಲೆಕ್ಕ ಹಾಕಬಹುದು, ಸರಿ. ಆದರೆ ಮೊದಲೇ ಎಷ್ಟು ತುಂಬಿತ್ತು? ಕೆರೆಗೆ ಇವತ್ತು ಬಂದ ನೀರು ಮಾತ್ರ ಗೊತ್ತಿದ್ದರೆ ಕೋಡಿ ಯಾವಾಗ ಬೀಳುತ್ತದೆ ಅಂತ ಹೇಳಲು ಆಗುತ್ತದಾ?

1993ರ ಸೆಪ್ಟೆಂಬರ್ 30ರ ನಸುಕು. ರಾಯಚೂರು ಜಿಲ್ಲೆಯ ನಮ್ಮೂರಲ್ಲಿ ಗೂಡಿನ ಪಾತ್ರೆಗಳು ಗಲಗಲ ಅಂದವು. ಅಜ್ಜಿ ನಮ್ಮನ್ನು ಅಂಗಳಕ್ಕೆ ಎಳೆದು ತಂದಳು. ಆಮೇಲೆ ಗೊತ್ತಾಯಿತು, ಅದು ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪ. ಸುಮಾರು ಹತ್ತು ಸಾವಿರ ಜನ ಹೋದರು. ಆಗಿನ ನಕ್ಷೆಯಲ್ಲಿ ಕಿಲ್ಲಾರಿ ತೀರಾ ಕಡಿಮೆ ಅಪಾಯದ ಜಾಗ. ನಮ್ಮ ಜಿಲ್ಲೆಗಳೂ ಎರಡನೇ ವಲಯ, ಅಂದರೆ ಕಡಿಮೆ ಅಪಾಯದ ಜಾಗ ಅಂತ ನಾವು ನೆಮ್ಮದಿಯಾಗಿದ್ದೇವೆ ಅಲ್ವಾ?

ಅಲ್ಲಿ ಜನರನ್ನು ಕೊಂದದ್ದು ಅವರವರ ಮನೆಯೇ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಭಾರಿ ಮಾಳಿಗೆ. ಅಲುಗಾಡಿದಾಗ ಗೋಡೆ ಎರಡು ಪದರವಾಗಿ ಬಿಚ್ಚಿತು, ಮಾಳಿಗೆ ಕುಸಿಯಿತು. ನಮ್ಮ ಹಳ್ಳಿಗಳಲ್ಲೂ ಅಂಥ ಮನೆಗಳಿವೆ. ಗೋಡೆಯ ಎರಡೂ ಮೈ ಮುಟ್ಟುವ ಉದ್ದ ಕಲ್ಲು ಕೂರಿಸಬಹುದು. ಬಾಗಿಲ ಮೇಲಿನ ಮಟ್ಟಕ್ಕೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಬಹುದು. ಇದಕ್ಕೆ ಯಾವ ಸುಳಿವೂ ಬೇಕಿಲ್ಲ, ಗೌಂಡಿ ಸಾಕು.

ಅಜ್ಜಿಯ ಮನೆ ಇನ್ನೂ ನಿಂತಿದೆ. ಸೋರಬಾರದು ಅಂತ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿಸುತ್ತಿದ್ದೆವು. ಹಳೆಯದನ್ನು ಒಮ್ಮೆಯೂ ತೆಗೆಯಲಿಲ್ಲ. ಈ ಬೇಸಿಗೆಯಲ್ಲಿ ತೆಗೆಸುತ್ತಿದ್ದೇನೆ.