ನೀಲಿ ಏರಿದ ಉಳಿ ಗಟ್ಟಿಯಲ್ಲ: ಒಂದು ಸ್ಪಷ್ಟನೆ

"ಅಗ್ಗದ ಉಳಿಯನ್ನು ಗ್ರೈಂಡರಿಗೆ ಹಿಡಿದು, ಬಾಯಿ ನೀಲಿಯಾದ ಕೂಡಲೇ ನೀರಿಗೆ ಅದ್ದಿ, ದುಬಾರಿ ಉಳಿಯಷ್ಟೇ ಗಟ್ಟಿಯಾಗುತ್ತದೆ" ಎಂಬ ಸಂದೇಶ ಹುಬ್ಬಳ್ಳಿ-ಧಾರವಾಡದ ಹವ್ಯಾಸಿ ಬಡಿಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಆಗುವುದು ಇದರ ತದ್ವಿರುದ್ಧ.

ಉಳಿಯ ಉಕ್ಕು ಗಟ್ಟಿಯಾಗಲು ಸುಮಾರು 800 ಡಿಗ್ರಿಗೆ ಕಾದು ಕೆಂಪಾಗಿ, ತಟ್ಟನೆ ತಣಿಯಬೇಕು. ನೀಲಿ ಬರುವುದು 300 ಡಿಗ್ರಿಯ ಆಸುಪಾಸಿಗೆ. ಆ ಕಾವಿಗೆ ಕಾರ್ಖಾನೆಯಲ್ಲಿ ಕೊಟ್ಟ ಹದ, ಅಂದರೆ ಗಡಸುತನ, ಇಳಿದುಹೋಗುತ್ತದೆ; ನೀರಿಗೆ ಅದ್ದಿದರೆ ಅದು ಮರಳುವುದಿಲ್ಲ. ಸಾಗವಾನಿಯಲ್ಲಿ ಹೇಗೋ ನಡೆದೀತು, ಕರಿಜಾಲಿಗೆ ಕೊಡತಿಯ ನಾಲ್ಕು ಪೆಟ್ಟು ಬಿದ್ದರೆ ಬಾಯಿ ಮಡಚಿಕೊಳ್ಳುತ್ತದೆ. ಈಗಾಗಲೇ ನೀಲಿಯಾಗಿದ್ದರೆ ಆ ಭಾಗ ಪೂರ್ತಿ ಹೋಗುವವರೆಗೆ ಸವೆಸಿ. ಸವೆಸುವಾಗ ಉಳಿ ಮತ್ತೆ ಕಾಯದಂತೆ ಎರಡು-ಮೂರು ಸೆಕೆಂಡಿಗೊಮ್ಮೆ ನೀರಿಗೆ ಅದ್ದಿ. ಬೆರಳಿಗೆ ಬಿಸಿ ಹತ್ತಿತೆಂದರೆ ತಡವಾಗುತ್ತಿದೆ ಎಂದರ್ಥ.

ಉಳಿಯ ಮೇಲೆ "ಕ್ರೋಮ್ ವೆನೇಡಿಯಂ" ಎಂದು ಬರೆದಿದ್ದರೆ ಸಾಕು ಎಂಬ ಮಾತೂ ಅರ್ಧ ಸತ್ಯ. ಅದು ಉಕ್ಕಿನ ಜಾತಿ ಹೇಳುತ್ತದೆ, ಹದವನ್ನಲ್ಲ. ಅಂಗಡಿಯಲ್ಲಿ ನೋಡಬೇಕಾದ್ದು ಉಳಿಯ ಬೆನ್ನು, ಅಂದರೆ ಓರೆಯಿಲ್ಲದ ಚಪ್ಪಟೆ ಬದಿ. ಸ್ಟೀಲ್ ಪಟ್ಟಿ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ತುಸು ತಗ್ಗಿದ್ದರೆ ಚಿಂತೆಯಿಲ್ಲ. ಉಬ್ಬಿದ್ದರೆ ಎಷ್ಟೇ ಅಗ್ಗವಾದರೂ ಬೇಡ, ಕಲ್ಲಿನ ಮೇಲೆ ತಾಸುಗಟ್ಟಲೆ ಉಜ್ಜಬೇಕಾಗುತ್ತದೆ. ಹನ್ನೆರಡರ ಸೆಟ್ ಯಾಕೆ? 6, 12, 18, 25 ಮಿ.ಮೀ. ಅಗಲದ ಈ ನಾಲ್ಕು ಮನೆಗೆಲಸಕ್ಕೆ ಧಾರಾಳ.

ಹೊಸ ಉಳಿ ನೇರ ಕೆಲಸಕ್ಕೆ ಬರುವುದು ಅಪರೂಪ. ಬೆನ್ನಿನ ತುದಿಯ 25 ಮಿ.ಮೀ. ಮಾತ್ರ ಸಪಾಟು ಮಾಡಿ, ಬಾಯಿಯ ಓರೆಯನ್ನು 25 ಡಿಗ್ರಿಗೆ ಮಸೆದು, ಕರಿಜಾಲಿಯಂಥ ಗಟ್ಟಿ ಕಟ್ಟಿಗೆಗೆ ತುದಿಯನ್ನಷ್ಟೇ 30 ಡಿಗ್ರಿಗೆ ಏರಿಸಿ.